ಕುಟುಂಬದ ಆದಾಯ ಮತ್ತು ಆಯಸ್ಸು: ನಾರ್ವೆಯಲ್ಲೂ ಬಡವರು ಬೇಗ ಸಾಯುವುದೇಕೆ?

ತುಂಗಾತೀರ

ಎರಡು ಅಧ್ಯಯನಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ ಎದ್ದ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ.

ಒಂದು ಅಮೆರಿಕದ್ದು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 1999ರಿಂದ 2014ರವರೆಗಿನ ತೆರಿಗೆ ದಾಖಲೆಗಳನ್ನು 2001ರಿಂದ 2014ರವರೆಗಿನ ಮರಣ ದಾಖಲೆಗಳೊಂದಿಗೆ ಜೋಡಿಸಿ 2016ರಲ್ಲಿ ಪ್ರಕಟಿಸಿದರು. ಕುಟುಂಬದ ಆದಾಯದಲ್ಲಿ ಎಲ್ಲರಿಗಿಂತ ಮೇಲಿರುವ ಶೇಕಡಾ 1ರಷ್ಟು ಗಂಡಸರಿಗೂ ಎಲ್ಲರಿಗಿಂತ ಕೆಳಗಿರುವ ಶೇಕಡಾ 1ರಷ್ಟು ಗಂಡಸರಿಗೂ ನಡುವೆ ಆಯಸ್ಸಿನ ಅಂತರ 14.6 ವರ್ಷ. ಹೆಂಗಸರಲ್ಲಿ 10.1 ವರ್ಷ. ಆರೋಗ್ಯ ವಿಮೆಯಿಲ್ಲದವರು ಕೋಟಿಗಟ್ಟಲೆ ಇರುವ ದೇಶ, ಆಸ್ಪತ್ರೆಯ ಬಿಲ್ಲಿಗೆ ಮನೆ ಮಾರುವವರಿರುವ ದೇಶ. ಹಾಗಾಗಿ ನನಗೆ ದುಃಖವಾಯಿತು, ಅಚ್ಚರಿಯಾಗಲಿಲ್ಲ.

ಇನ್ನೊಂದು ನಾರ್ವೆಯದು. 2005ರಿಂದ 2015ರವರೆಗಿನ ಮಾಹಿತಿ, 2019ರಲ್ಲಿ ಪ್ರಕಟವಾದದ್ದು. ಅಲ್ಲಿ ಚಿಕಿತ್ಸೆ ಸರ್ಕಾರದ ಹೊಣೆ, ಶಾಲೆ ಕಾಲೇಜು ಉಚಿತ, ಕೆಲಸ ಹೋದರೆ ಭತ್ಯೆ ಇದೆ. ಆದರೂ ಅದೇ ಲೆಕ್ಕ ಹಾಕಿದರೆ ಗಂಡಸರಲ್ಲಿ ಅಂತರ 13.8 ವರ್ಷ, ಹೆಂಗಸರಲ್ಲಿ 8.4 ವರ್ಷ. ಅಮೆರಿಕಕ್ಕಿಂತ ಕೊಂಚವಷ್ಟೇ ಕಡಿಮೆ.

ಎಲ್ಲರಿಗೂ ಚಿಕಿತ್ಸೆ ಸಿಕ್ಕರೆ ಬಡವರೂ ಶ್ರೀಮಂತರೂ ಸರಿಸುಮಾರು ಒಂದೇ ವಯಸ್ಸಿನವರೆಗೆ ಬದುಕುತ್ತಾರೆ ಎಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ನಾರ್ವೆಯ ಅಂಕಿಗಳ ಮುಂದೆ ಆ ನಂಬಿಕೆಯನ್ನು ಹೇಗೆ ಉಳಿಸಿಕೊಳ್ಳುವುದು? ಉಳಿಸಿಕೊಳ್ಳಬೇಕೇ? ಬಲ್ಲವರು ಬರೆಯಿರಿ.

ಲೆಕ್ಕದ ಹಾದಿ

ಮೊದಲು ಒಂದು ವಿಷಯವನ್ನು ಬಿಡಿಸಿಕೊಳ್ಳೋಣ, ಇಲ್ಲದಿದ್ದರೆ ಚರ್ಚೆ ಮುಂದೆ ಸಿಕ್ಕು ಸಿಕ್ಕಾಗುತ್ತದೆ. ಶ್ರೀಮಂತ ದೇಶಗಳ ಜನ ಬಡ ದೇಶಗಳ ಜನರಿಗಿಂತ ಹೆಚ್ಚು ಕಾಲ ಬದುಕುತ್ತಾರೆಯೇ ಎಂಬುದು ಒಂದು ಪ್ರಶ್ನೆ. ಒಂದೇ ದೇಶದೊಳಗೆ ಶ್ರೀಮಂತ ಮನೆಯವರು ಬಡ ಮನೆಯವರಿಗಿಂತ ಹೆಚ್ಚು ಕಾಲ ಬದುಕುತ್ತಾರೆಯೇ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ‘ಹೌದು’ ಆದರೂ ಕಾರಣಗಳು ಒಂದೇ ಅಲ್ಲ.

ಮೊದಲ ಪ್ರಶ್ನೆಯನ್ನು ಚೆನ್ನಾಗಿ ಹಿಡಿದವರು ಜನಸಂಖ್ಯಾಶಾಸ್ತ್ರಜ್ಞ ಸ್ಯಾಮುಯೆಲ್ ಪ್ರೆಸ್ಟನ್. 1975ರಲ್ಲಿ ಅವರು ದೇಶಗಳ ತಲಾ ಆದಾಯವನ್ನು ಅಡ್ಡಕ್ಕೂ ಜೀವಿತಾವಧಿಯನ್ನು ಉದ್ದಕ್ಕೂ ಇಟ್ಟು ಎಳೆದ ವಕ್ರರೇಖೆಗೆ ಇಂದಿಗೂ ಅವರದೇ ಹೆಸರಿದೆ. ಬಡ ದೇಶಗಳ ತುದಿಯಲ್ಲಿ ಆದಾಯ ಸ್ವಲ್ಪ ಏರಿದರೂ ಆಯಸ್ಸು ಜಿಗಿಯುತ್ತದೆ, ಶ್ರೀಮಂತ ತುದಿಗೆ ಬಂದಂತೆ ರೇಖೆ ಮಲಗುತ್ತದೆ. ಇದು ಎಲ್ಲರೂ ಹೇಳುವ ಭಾಗ. ಪ್ರೆಸ್ಟನ್ ಅವರ ನಿಜವಾದ ಶೋಧ ಇರುವುದು ಇನ್ನೊಂದು ಕಡೆ. 1900ರ ದಶಕ, 1930ರ ದಶಕ, 1960ರ ದಶಕ ಎಂದು ಮೂರು ರೇಖೆಗಳನ್ನು ಎಳೆದಾಗ ಇಡೀ ರೇಖೆಯೇ ಕಾಲದೊಂದಿಗೆ ಮೇಲಕ್ಕೆ ಸರಿದಿರುವುದು ಕಂಡಿತು. ಅಂದರೆ ಅಷ್ಟೇ ಆದಾಯದಲ್ಲಿ ಜನ ಮೊದಲಿಗಿಂತ ಹೆಚ್ಚು ಕಾಲ ಬದುಕತೊಡಗಿದ್ದರು. 1930ರ ದಶಕದಿಂದ 1960ರ ದಶಕದವರೆಗೆ ಜಗತ್ತಿನ ಜೀವಿತಾವಧಿಯಲ್ಲಿ ಆದ ಏರಿಕೆಯಲ್ಲಿ ಆದಾಯದ ಹೆಚ್ಚಳದ ಪಾಲು ಶೇಕಡಾ 10ರಿಂದ 25 ಮಾತ್ರ ಎಂದು ಅವರು ಅಂದಾಜು ಮಾಡಿದರು. ಉಳಿದದ್ದು ಲಸಿಕೆ, ಸೊಳ್ಳೆ ನಿಯಂತ್ರಣ, ಶುದ್ಧ ನೀರು, ಆ್ಯಂಟಿಬಯಾಟಿಕ್, ಕೈ ತೊಳೆಯುವ ಅರಿವು ಇಂಥವುಗಳದ್ದು.

ಈಗ ತುಂಗಾತೀರ ಅವರು ಕೇಳಿರುವುದು ಎರಡನೆಯ ಪ್ರಶ್ನೆ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಆ ಎರಡು ಅಧ್ಯಯನಗಳೂ ನೋಡಿರುವುದು 40 ದಾಟಿದವರನ್ನು. ಶಿಶುಮರಣ, ಬಾಣಂತಿಯರ ಸಾವು, ಮಕ್ಕಳ ಅತಿಸಾರ ಯಾವುದೂ ಇದರಲ್ಲಿಲ್ಲ. ಜೊತೆಗೆ, ನಾರ್ವೆಯ ಸಂಶೋಧಕರು ತಮ್ಮ ರೇಖೆಯನ್ನು ಅಮೆರಿಕದ ರೇಖೆಯ ಪಕ್ಕದಲ್ಲಿಟ್ಟು ನೋಡಿದಾಗ ಮೇಲ್ತುದಿಯಲ್ಲಿ ಎರಡೂ ಸೇರಿಕೊಂಡವು, ಕೆಳಗಿನ ಮತ್ತು ನಡುವಿನ ವರಮಾನದವರಲ್ಲಿ ಮಾತ್ರ ನಾರ್ವೆ ಮೇಲಿತ್ತು. ನಾರ್ವೆಯ ವ್ಯವಸ್ಥೆ ಏನೂ ಮಾಡಿಲ್ಲ ಎನ್ನುವಂತಿಲ್ಲ. ಕೆಳಗಿನವರನ್ನು ಎತ್ತಿದೆ, ಆದರೆ ಅಂತರವನ್ನು ಅಳಿಸಿಲ್ಲ.

ಕಡಲತೀರದ ದಾದಿ

ನಾನು ಮಂಗಳೂರಿನ ಕಡೆಯವಳು, ನಾರ್ವೆಯಲ್ಲಿ ದಾದಿ. ಶ್ವಾಸಕೋಶದ ಕಾಯಿಲೆಯವರನ್ನು ನೋಡಿಕೊಳ್ಳುವ ವಿಭಾಗದಲ್ಲಿ ಕೆಲಸ. ಇಲ್ಲಿಂದ ಕಾಣುವುದನ್ನು ಹೇಳುತ್ತೇನೆ.

ಆಸ್ಪತ್ರೆಗೆ ದಾಖಲಾದವರು ಹಣ ಕೊಡಬೇಕಿಲ್ಲ. ವೈದ್ಯರನ್ನು ಕಾಣಲು ಒಂದಿಷ್ಟು ಶುಲ್ಕ ಇದೆ, ಆದರೆ ವರ್ಷಕ್ಕೆ ಇಂತಿಷ್ಟೇ ಎಂಬ ಮಿತಿ ಇದೆ. ಅದು ದಾಟಿದ ಮೇಲೆ ಉಚಿತ. ಹಣವಿಲ್ಲ ಎಂದು ಬಾಗಿಲಿನಿಂದ ಹಿಂದಕ್ಕೆ ಹೋದವರನ್ನು ನಾನು ಕಂಡಿಲ್ಲ. ದೊಡ್ಡವರ ಹಲ್ಲಿನ ಚಿಕಿತ್ಸೆ ಮಾತ್ರ ಹೆಚ್ಚಾಗಿ ಸ್ವಂತ ಖರ್ಚು, ಬಡವರನ್ನು ಬಾಯಿ ನೋಡಿಯೇ ಗುರುತಿಸಬಹುದು ಎಂದು ಇಲ್ಲಿನವರೇ ಬೇಸರದಿಂದ ಹೇಳುತ್ತಾರೆ.

ಆದರೆ ನಮ್ಮ ವಿಭಾಗಕ್ಕೆ ಬರುವವರು ಯಾರು? ಹದಿನೈದು ಹದಿನಾರಕ್ಕೇ ಸಿಗರೇಟು ಹಿಡಿದವರು. ಹಡಗುಕಟ್ಟೆ, ಕಾರ್ಖಾನೆ, ರಾತ್ರಿ ಪಾಳಿಯ ಶುಚಿಗೊಳಿಸುವ ಕೆಲಸ ಮಾಡಿದವರು. ಒಂಟಿಯಾಗಿರುವವರು. ಅವರ ಶ್ವಾಸಕೋಶ ಹಾಳಾಗಲು ತೊಡಗಿದ್ದು ನಮ್ಮ ಬಾಗಿಲಿಗೆ ಬರುವ ಮೂವತ್ತು ವರ್ಷ ಮೊದಲು. ಆಸ್ಪತ್ರೆ ಉಚಿತವಾಗಿದ್ದರಿಂದ ಅವರು ಕೊನೆಯ ವರ್ಷಗಳನ್ನು ಘನತೆಯಿಂದ ಕಳೆಯುತ್ತಾರೆ, ಅದು ಸಣ್ಣ ವಿಷಯವಲ್ಲ. ಕಳೆದುಹೋದ ಮೂವತ್ತು ವರ್ಷವನ್ನು ಆಸ್ಪತ್ರೆ ತಂದುಕೊಡಲಾರದು.

ತುಂಗಾತೀರ ಹೇಳಿದ ಅಧ್ಯಯನದಲ್ಲೂ ಇದೇ ಇದೆ. ಅಂತರಕ್ಕೆ ಮುಖ್ಯ ಕಾರಣವಾದದ್ದು ಹೃದಯದ ಕಾಯಿಲೆ, ಕ್ಯಾನ್ಸರ್, ಶ್ವಾಸಕೋಶದ ದೀರ್ಘಕಾಲದ ಕಾಯಿಲೆ, ವಯಸ್ಸಾದವರಲ್ಲಿ ಮರೆವಿನ ಕಾಯಿಲೆ. ಕಿರಿಯರಲ್ಲಿ ಮಾದಕ ವಸ್ತು ಮತ್ತು ಆತ್ಮಹತ್ಯೆ.

ಹೊಸ ಓದುಗ

ಒಂದು ಸಂದೇಹ. ಬಡವರಾದ್ದರಿಂದ ಬೇಗ ಸಾಯುತ್ತಾರೆಯೋ, ಕಾಯಿಲೆ ಬಿದ್ದದ್ದರಿಂದ ಬಡವರಾದರೋ? ಮಾನಸಿಕ ಕಾಯಿಲೆಯಿಂದಲೋ ಅಪಘಾತದಿಂದಲೋ ದುಡಿಯಲಾಗದವರೆಲ್ಲ ಕೆಳಗಿನ ಶೇಕಡಾ 1ರಲ್ಲಿ ಬಂದು ಸೇರಿರುತ್ತಾರಲ್ಲವೇ?

ಲೆಕ್ಕದ ಹಾದಿ

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಚೆಟ್ಟಿ ತಂಡ ಇದಕ್ಕಾಗಿಯೇ ಸತ್ತ ವರ್ಷದ ಆದಾಯವನ್ನು ಬಿಟ್ಟು ಎರಡು ವರ್ಷ ಹಿಂದಿನ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಅದರಿಂದ ಸಾವಿಗೆ ಮುಂಚಿನ ಹಠಾತ್ ಕಾಯಿಲೆಯ ಪರಿಣಾಮ ಕಡಿಮೆಯಾಗುತ್ತದೆ. ಇಪ್ಪತ್ತು ವರ್ಷಗಳಿಂದ ಹಾಸಿಗೆ ಹಿಡಿದವರ ವಿಷಯದಲ್ಲಿ ಏನೂ ಬದಲಾಗುವುದಿಲ್ಲ. ಆದ್ದರಿಂದ ತೀರಾ ಕೆಳಗಿನ ಶೇಕಡಾ 1ರ ಅಂಕಿಯನ್ನು ಮಾತ್ರ ಹಿಡಿದು ವಾದಿಸಬಾರದು. ಏಣಿಯ ಪ್ರತಿ ಮೆಟ್ಟಿಲಲ್ಲೂ ಆಯಸ್ಸು ಸ್ವಲ್ಪ ಸ್ವಲ್ಪ ಏರುತ್ತಲೇ ಹೋಗುತ್ತದೆ ಎಂಬುದೇ ಮುಖ್ಯ. ನಡುವಿನವರು ಕಾಯಿಲೆಯಿಂದ ನಡುವಿಗೆ ಬಂದವರಲ್ಲ.

ಹಣವನ್ನೇ ಪ್ರತ್ಯೇಕಿಸಿ ನೋಡಲು ಸ್ವೀಡನ್ನಿನಲ್ಲಿ ಒಂದು ಒಳ್ಳೆಯ ಅವಕಾಶ ಸಿಕ್ಕಿತು. ಲಾಟರಿ ಗೆದ್ದವರ ವಿವರಗಳನ್ನು ಆರೋಗ್ಯ ದಾಖಲೆಗಳೊಂದಿಗೆ ಜೋಡಿಸಿ 2016ರಲ್ಲಿ ನಾಲ್ವರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದರು. ಅದೃಷ್ಟದಿಂದ ದೊಡ್ಡ ಮೊತ್ತ ಕೈಗೆ ಬಂದ ವಯಸ್ಕರ ಸಾವಿನ ಪ್ರಮಾಣದಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಬ್ರಿಟನ್ನಿನಲ್ಲಿ 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನವನ್ನೂ ನೋಡಿ. ಮೈಕಲ್ ಮಾರ್ಮಟ್ ಅವರ ಹೆಸರಿನೊಂದಿಗೆ ಬೆಸೆದುಕೊಂಡ ಕೆಲಸ ಅದು. ಅಲ್ಲಿದ್ದವರೆಲ್ಲ ಲಂಡನ್ನಿನ ಸರ್ಕಾರಿ ನೌಕರರು. ಯಾರೂ ಹಸಿದವರಲ್ಲ, ಎಲ್ಲರಿಗೂ ರಾಷ್ಟ್ರೀಯ ಆರೋಗ್ಯ ಸೇವೆ ಇತ್ತು. ಆದರೂ ಜವಾನರು, ದ್ವಾರಪಾಲಕರ ಮಟ್ಟದವರ ಸಾವಿನ ಪ್ರಮಾಣ ಉನ್ನತ ಅಧಿಕಾರಿಗಳದ್ದಕ್ಕಿಂತ ಸುಮಾರು ಮೂರು ಪಟ್ಟು. ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂತರದ ದೊಡ್ಡ ಪಾಲು ಹಾಗೆಯೇ ಉಳಿಯಿತು. ಕೆಲಸದ ಮೇಲೆ ತನಗೆಷ್ಟು ಹಿಡಿತವಿದೆ ಎಂಬುದೂ ಹೃದಯಕ್ಕೆ ಮುಟ್ಟುವ ಸಂಗತಿ ಎಂದು ಆ ಸಾಲಿನ ಮುಂದಿನ ಸಂಶೋಧನೆ ತೋರಿಸಿತು.

ಹಾಗಾಗಿ ನನ್ನ ಓದು ಇಷ್ಟು: ಶ್ರೀಮಂತ ದೇಶಗಳಲ್ಲಿ ಆದಾಯವೆಂಬುದು ಓದು, ಉದ್ಯೋಗ, ಬಾಲ್ಯ, ನೆರೆಹೊರೆ ಇವೆಲ್ಲದರ ಒಟ್ಟು ಗುರುತು. ಕೈಯಲ್ಲಿರುವ ನೋಟು ಅದರ ಒಂದು ಭಾಗ ಮಾತ್ರ.

ಬಯಲುಸೀಮೆ ಮೇಷ್ಟರು

ಸ್ವೀಡನ್ನಿನ ಲಾಟರಿಯಿಂದ ಬಳ್ಳಾರಿ ರಾಯಚೂರಿನ ಬಗ್ಗೆ ತೀರ್ಮಾನಕ್ಕೆ ಬರಬಾರದು ಎಂದು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಲಾಟರಿ ಗೆಲ್ಲುವ ಮುಂಚೆಯೇ ಊಟ, ಬೆಚ್ಚಗಿನ ಮನೆ, ಆಸ್ಪತ್ರೆ ಎಲ್ಲವೂ ಇತ್ತು. ಹಣದಿಂದ ಕೊಳ್ಳಬೇಕಾದದ್ದನ್ನೆಲ್ಲ ಸಮಾಜ ಆಗಲೇ ಕೊಂಡು ಕೊಟ್ಟಿತ್ತು. ಅಂಥ ಕಡೆ ಮೇಲೊಂದು ಲಕ್ಷ ಬಂದರೆ ಆಯಸ್ಸು ಏರದಿರುವುದು ಸಹಜ. ನಮ್ಮಲ್ಲಿ ಹಾಗಲ್ಲ.

ಭಾರತದ ಅಂಕಿ ಹೇಳುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನ ಮಾಹಿತಿಯಿಂದ ಮಾಡಿದ ಲೆಕ್ಕ, 2019ರಲ್ಲಿ ಪ್ರಕಟವಾದದ್ದು. ಕುಟುಂಬಗಳನ್ನು ಆಸ್ತಿಪಾಸ್ತಿಯ ಆಧಾರದಲ್ಲಿ ಐದು ಪಾಲು ಮಾಡಿದರೆ, ಅತಿ ಬಡ ಪಾಲಿನಲ್ಲಿ ಹುಟ್ಟಿದ ಮಗುವಿನ ನಿರೀಕ್ಷಿತ ಆಯಸ್ಸು 65.1 ವರ್ಷ, ಅತಿ ಶ್ರೀಮಂತ ಪಾಲಿನಲ್ಲಿ 72.7. ಏಳೂವರೆ ವರ್ಷ! ಇದರಲ್ಲಿ ತೊಟ್ಟಿಲಲ್ಲೇ ಕಣ್ಣು ಮುಚ್ಚಿದ ಕೂಸುಗಳೂ ಸೇರಿವೆ.

ನಮ್ಮ ದೇಶದಲ್ಲಿ 2013–14ರಲ್ಲಿ ಒಟ್ಟು ಆರೋಗ್ಯ ವೆಚ್ಚದ ಶೇಕಡಾ 64.2ರಷ್ಟನ್ನು ಜನ ಜೇಬಿನಿಂದಲೇ ಕೊಟ್ಟರು. 2021–22ಕ್ಕೆ ಅದು ಶೇಕಡಾ 39.4ಕ್ಕೆ ಇಳಿದಿದೆ ಎಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ಇಳಿದದ್ದು ಸಂತೋಷ, ಆದರೆ ಇನ್ನೂ ನೂರಕ್ಕೆ ಮೂವತ್ತೊಂಬತ್ತು ರೂಪಾಯಿ ರೋಗಿಯ ಜೇಬಿನದ್ದೇ. ನನ್ನ ಶಾಲೆಯ ಮಕ್ಕಳ ಮನೆಗಳಲ್ಲಿ ಎದೆನೋವು ಬಂದರೆ ಮೊದಲು ನೋಡುವುದು ವೈದ್ಯರನ್ನಲ್ಲ, ಬಡ್ಡಿಗೆ ಸಾಲ ಕೊಡುವವನನ್ನು. ಇಲ್ಲಿ ಹಣವೇ ಆಯಸ್ಸು. ಮಿಕ್ಕ ಸಿದ್ಧಾಂತವೆಲ್ಲ ಹೊಟ್ಟೆ ತುಂಬಿದವರ ಚರ್ಚೆ.

ಕೃಷ್ಣೆಯ ದಡ

ಮೇಷ್ಟರೇ, ನೀವು ಹೇಳಿದ ಉತ್ತರ ಕರ್ನಾಟಕದಿಂದಲೇ ಒಂದು ಅಧ್ಯಯನವಿದೆ. ಈ ಚರ್ಚೆಗೆ ಅದಕ್ಕಿಂತ ಹತ್ತಿರದ್ದು ಬೇರೊಂದು ಸಿಗಲಾರದು.

2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಎಂಬ ರಾಜ್ಯ ಸರ್ಕಾರದ ಆರೋಗ್ಯ ವಿಮಾ ಯೋಜನೆ ಶುರುವಾದದ್ದು ನಿಮಗೆ ನೆನಪಿರಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಸಾಕಿತ್ತು. ಕಂತು ಕಟ್ಟಬೇಕಿರಲಿಲ್ಲ, ಹೆಸರು ನೋಂದಾಯಿಸಬೇಕಿರಲಿಲ್ಲ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರರೋಗ, ಸುಟ್ಟಗಾಯ, ನವಜಾತ ಶಿಶುವಿನ ತೊಂದರೆ ಇಂಥ ದುಬಾರಿ ಚಿಕಿತ್ಸೆಗಳು ಉಚಿತವಾಗಿದ್ದವು. ಹಳ್ಳಿಗಳಲ್ಲಿ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸಿ ಕಳುಹಿಸುತ್ತಿದ್ದರು. ಯೋಜನೆ ಮೊದಲು ಬಂದದ್ದು ಉತ್ತರದ ಜಿಲ್ಲೆಗಳಿಗೆ. ಹೀಗಾಗಿ ಸ್ವಲ್ಪ ಕಾಲ ರಾಜ್ಯದ ನಡುವೆ ಒಂದು ಗಡಿ ಉಂಟಾಯಿತು: ಈಚೆಯ ಹಳ್ಳಿಗೆ ಯೋಜನೆ ಇದೆ, ಆಚೆಯ ಹಳ್ಳಿಗೆ ಇಲ್ಲ. ಜನ ಒಂದೇ ಥರದವರು, ಬೆಳೆ ಒಂದೇ, ಕೂಲಿ ಒಂದೇ.

ಸಂಶೋಧಕರು ಆ ಗಡಿಯ ಎರಡೂ ಬದಿಯ 572 ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಕೇಳಿದರು. ಫಲಿತಾಂಶ 2014ರಲ್ಲಿ ಬಂತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಸತ್ತವರ ಪ್ರಮಾಣ, ಯೋಜನೆ ಇದ್ದ ಹಳ್ಳಿಗಳ ಬಿಪಿಎಲ್ ಕುಟುಂಬಗಳಲ್ಲಿ ಶೇಕಡಾ 0.32. ಇಲ್ಲದ ಹಳ್ಳಿಗಳ ಅಂಥದೇ ಕುಟುಂಬಗಳಲ್ಲಿ ಶೇಕಡಾ 0.90. ಬಡತನ ರೇಖೆಯ ಮೇಲಿದ್ದವರಿಗೆ ಯೋಜನೆ ಅನ್ವಯಿಸುತ್ತಿರಲಿಲ್ಲ, ಅವರಲ್ಲಿ ಗಡಿಯ ಎರಡು ಬದಿಗೂ ವ್ಯತ್ಯಾಸವಿರಲಿಲ್ಲ.

ಯಾರ ಆದಾಯವೂ ಏರಲಿಲ್ಲ. ಬಡವರು ಬಡವರಾಗಿಯೇ ಇದ್ದರು. ಆದಾಯಕ್ಕೂ ಸಾವಿಗೂ ನಡುವೆ ಇದ್ದ ಒಂದು ಕೊಂಡಿ ಮಾತ್ರ ಕಡಿದುಹೋಯಿತು. ನೀವು ಹೇಳುವ ಸಾಲದ ಬಾಗಿಲು ಇದೆಯಲ್ಲ, ಅದೇ ಕೊಂಡಿ.

ಬಯಲುಸೀಮೆ ಮೇಷ್ಟರು

ಈ ಅಂಕಿ ನೋಡಿ ಮನಸ್ಸು ತುಂಬಿಬಂತು. ಒಪ್ಪುತ್ತೇನೆ: ಹಣ ಕೊಳ್ಳುವುದನ್ನು ಸರ್ಕಾರ ಕೊಳ್ಳಬಹುದು. ನನ್ನ ಆಗ್ರಹ ಅಷ್ಟೇ, ಯಾರಾದರೂ ಕೊಳ್ಳಲೇಬೇಕು. ಆದರೆ ಇದು ಕಾಯಿಲೆ ಬಿದ್ದ ಮೇಲಿನ ಕಥೆ. ದಾದಿಯವರು ಹೇಳಿದ ಆ ಮೂವತ್ತು ವರ್ಷ ನಮ್ಮಲ್ಲೂ ಇದೆ. ಸೌದೆ ಒಲೆಯ ಹೊಗೆ, ಕಲ್ಲುಗಣಿಯ ದೂಳು, ಬೀಡಿ, ಫ್ಲೋರೈಡ್ ನೀರು. ಅದನ್ನು ಯಾವ ಕಾರ್ಡ್ ನೋಡಿಕೊಳ್ಳುತ್ತದೆ?

ನೇರಳೆ ಮರ

ಇಷ್ಟು ಹೊತ್ತಿನ ಚರ್ಚೆಯಲ್ಲಿ ಜಾತಿಯ ಮಾತು ಬಂದಿಲ್ಲ. ಉತ್ತರ ಮತ್ತು ಪೂರ್ವ ಭಾರತದ ಒಂಬತ್ತು ರಾಜ್ಯಗಳ ಸುಮಾರು ಎರಡು ಕೋಟಿ ಜನರ ಸಮೀಕ್ಷೆಯ ಮಾಹಿತಿಯನ್ನು ಬಳಸಿ 2022ರಲ್ಲಿ ಬಂದ ಅಧ್ಯಯನದ ಪ್ರಕಾರ, ಮೇಲ್ಜಾತಿ ಹಿಂದೂಗಳಿಗಿಂತ ಆದಿವಾಸಿಗಳ ಆಯಸ್ಸು ನಾಲ್ಕು ವರ್ಷಕ್ಕೂ ಮಿಕ್ಕಿ ಕಡಿಮೆ, ದಲಿತರದ್ದು ಮೂರು ವರ್ಷಕ್ಕೂ ಮಿಕ್ಕಿ ಕಡಿಮೆ, ಮುಸ್ಲಿಮರದ್ದು ಸುಮಾರು ಒಂದು ವರ್ಷ ಕಡಿಮೆ. ಆರ್ಥಿಕ ಸ್ಥಿತಿಯ ವ್ಯತ್ಯಾಸ ಈ ಅಂತರದ ಅರ್ಧವನ್ನೂ ವಿವರಿಸುವುದಿಲ್ಲ. ಅಂದರೆ ಅಷ್ಟೇ ಆಸ್ತಿಯಿರುವ ಎರಡು ಮನೆಗಳಲ್ಲೂ ಸಾವು ಒಂದೇ ವಯಸ್ಸಿಗೆ ಬರುವುದಿಲ್ಲ. ಊರಿನ ಯಾವ ಬದಿಗೆ ನೀರಿನ ಪೈಪ್ ಬರುತ್ತದೆ, ಚರಂಡಿ ಎಲ್ಲಿಗೆ ಹರಿಯುತ್ತದೆ, ಮ್ಯಾನ್‌ಹೋಲಿಗೆ ಯಾರನ್ನು ಇಳಿಸುತ್ತಾರೆ ಎಂಬುದನ್ನು ಆದಾಯ ಒಂದೇ ನಿರ್ಧರಿಸುವುದಿಲ್ಲ. ಕುಟುಂಬದ ಆದಾಯವನ್ನಷ್ಟೇ ಹಿಡಿದು ಭಾರತದ ಆಯಸ್ಸನ್ನು ವಿವರಿಸಲು ಹೊರಟರೆ ಅರ್ಧ ಸತ್ಯ ಬಿಟ್ಟುಹೋಗುತ್ತದೆ.

ತುಂಗಾತೀರ

ನೇರಳೆ ಮರ ಅವರ ಮಾತು ಅಮೆರಿಕಕ್ಕೂ ಬೇರೊಂದು ರೀತಿಯಲ್ಲಿ ಹೊಂದುತ್ತದೆ. ಚೆಟ್ಟಿ ತಂಡ ಊರೂರಿನ ಲೆಕ್ಕ ತೆಗೆದಾಗ ನ್ಯೂಯಾರ್ಕಿನ ಬಡವರು ಇಂಡಿಯಾನಾದ ಗ್ಯಾರಿ ನಗರದ, ಮಿಶಿಗನ್ನಿನ ಡೆಟ್ರಾಯಿಟ್‌ನ ಬಡವರಿಗಿಂತ ಹಲವು ವರ್ಷ ಹೆಚ್ಚು ಬದುಕುತ್ತಿದ್ದರು. ಆದಾಯ ಅಷ್ಟೇ. ಶ್ರೀಮಂತರು ಮಾತ್ರ ಎಲ್ಲಿದ್ದರೂ ಹೆಚ್ಚು ಕಡಿಮೆ ಒಂದೇ ಆಯಸ್ಸಿನವರು. ಬಡವರಿಗೆ ಊರು ಮುಖ್ಯ, ಶ್ರೀಮಂತರಿಗೆ ಅಷ್ಟು ಮುಖ್ಯವಲ್ಲ. ಬಡವರ ಆಯಸ್ಸು ಹೆಚ್ಚಿದ್ದ ಊರುಗಳಲ್ಲಿ ಧೂಮಪಾನ ಕಡಿಮೆ ಇತ್ತು, ಪದವೀಧರರು ಹೆಚ್ಚಿದ್ದರು, ಸ್ಥಳೀಯ ಸರ್ಕಾರ ಹೆಚ್ಚು ಖರ್ಚು ಮಾಡುತ್ತಿತ್ತು.

ಅದೇ ಅಧ್ಯಯನದ ಇನ್ನೊಂದು ಅಂಕಿ ನನ್ನನ್ನು ಬಹಳ ಕಾಡುತ್ತದೆ. ಆ ಹದಿಮೂರು ಹದಿನಾಲ್ಕು ವರ್ಷಗಳಲ್ಲಿ ಮೇಲಿನ ಶೇಕಡಾ 5ರ ಗಂಡಸರ ಆಯಸ್ಸು 2.34 ವರ್ಷ, ಹೆಂಗಸರದ್ದು 2.91 ವರ್ಷ ಏರಿತು. ಕೆಳಗಿನ ಶೇಕಡಾ 5ರಲ್ಲಿ ಗಂಡಸರದ್ದು 0.32, ಹೆಂಗಸರದ್ದು 0.04. ಬಡ ಹೆಂಗಸಿನ ಪಾಲಿಗೆ ವೈದ್ಯವಿಜ್ಞಾನದ ಆ ಎಲ್ಲ ವರ್ಷಗಳ ಸಾಧನೆ ಸುಮಾರು ಹದಿನೈದು ದಿನ.

ಈಗ ಕೋಸ್ಟರಿಕಾ. ತಲಾ ಆರೋಗ್ಯ ವೆಚ್ಚ ಅಮೆರಿಕದ ಸುಮಾರು ಹತ್ತನೇ ಒಂದು ಪಾಲು, ಜೀವಿತಾವಧಿ ಅಮೆರಿಕಕ್ಕಿಂತ ಹೆಚ್ಚು. 2016ರಲ್ಲಿ ಇಬ್ಬರು ಸಂಶೋಧಕರು ಎರಡೂ ದೇಶಗಳ ವಯಸ್ಕರ ಸಾವನ್ನು ಅಂತಸ್ತಿನ ಪ್ರಕಾರ ಹೋಲಿಸಿದರು. ಶ್ರೀಮಂತರ ಮಟ್ಟಿಗೆ ಅಮೆರಿಕವೇ ಮೇಲು. ಬಡವರ ವಿಷಯಕ್ಕೆ ಬಂದರೆ ಕೋಸ್ಟರಿಕಾ ಮೇಲು, ಏಕೆಂದರೆ ಅಲ್ಲಿ ಬಡವ-ಶ್ರೀಮಂತ ಅಂತರವೇ ತೀರಾ ಸಣ್ಣದು. ಆ ದೇಶ 1941ರಲ್ಲೇ ಸಾಮಾಜಿಕ ಭದ್ರತಾ ಸಂಸ್ಥೆ ಕಟ್ಟಿತು, 1948ರಲ್ಲಿ ಸೈನ್ಯವನ್ನೇ ವಿಸರ್ಜಿಸಿತು. 1990ರ ದಶಕದಿಂದ ಸುಮಾರು ನಾಲ್ಕು ಸಾವಿರ ಜನರಿಗೆ ಒಂದರಂತೆ ಪ್ರಾಥಮಿಕ ಆರೋಗ್ಯ ತಂಡಗಳಿವೆ. ತಂಡದಲ್ಲಿ ವೈದ್ಯರು, ದಾದಿ, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು. ರಕ್ತದೊತ್ತಡ ಇರುವವರನ್ನು ಅವರು ಮನೆಯಲ್ಲೇ ಪತ್ತೆ ಮಾಡುತ್ತಾರೆ. ಮೇಷ್ಟರು ಕೇಳಿದ ಪ್ರಶ್ನೆಗೆ, ಅಂದರೆ ಕಾಯಿಲೆ ಬೀಳುವ ಮೊದಲಿನ ವರ್ಷಗಳನ್ನು ಯಾರು ನೋಡಿಕೊಳ್ಳಬೇಕು ಎಂಬುದಕ್ಕೆ, ನನಗೆ ಕಂಡ ಗಟ್ಟಿ ಉತ್ತರ ಇದು. ನಮ್ಮ ಆಶಾ ಕಾರ್ಯಕರ್ತೆಯರು ಮಾಡಬಲ್ಲ ಕೆಲಸವೇ ಇದು, ಅವರಿಗೆ ಸರಿಯಾದ ಸಂಬಳ ಕೊಟ್ಟು ಬೆನ್ನಿಗೆ ನಿಂತರೆ.

ದೂರದ ಬೆಟ್ಟ

ದೇಶ ಶ್ರೀಮಂತವಾದರೂ ಮನೆಗೆ ಹಣ ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈಕ್ವಟೋರಿಯಲ್ ಗಿನಿ ನೋಡಿ. 1990ರ ದಶಕದಲ್ಲಿ ತೈಲ ಸಿಕ್ಕಿ ತಲಾ ಆದಾಯ ಯುರೋಪಿನ ಕೆಲವು ದೇಶಗಳ ಸಮಕ್ಕೆ ಬಂತು. ಜೀವಿತಾವಧಿ ಮಾತ್ರ ಅರವತ್ತರ ಆಸುಪಾಸನ್ನು ಮೀರಲಿಲ್ಲ. ದಕ್ಷಿಣ ಆಫ್ರಿಕಾದ ಪಾಠ ಬೇರೆ: ಆದಾಯ ಕುಸಿಯದಿದ್ದರೂ ಎಚ್‌ಐವಿಯಿಂದಾಗಿ ಅರವತ್ತರ ಮೇಲಿದ್ದ ಆಯಸ್ಸು 2005ರ ಹೊತ್ತಿಗೆ ಐವತ್ತರ ಮಧ್ಯಕ್ಕೆ ಬಿತ್ತು. ಸರ್ಕಾರ ಔಷಧ ಹಂಚತೊಡಗಿದ ಮೇಲೆ ಮತ್ತೆ ಅರವತ್ತು ದಾಟಿತು.

ಬಾಂಗ್ಲಾದೇಶವನ್ನೂ ಮರೆಯಬೇಡಿ. 1980ರ ದಶಕದಲ್ಲಿ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ ಚಿಟಿಕೆ ಉಪ್ಪು, ಹಿಡಿ ಬೆಲ್ಲ, ನೀರು ಬೆರೆಸುವುದನ್ನು ತಾಯಂದಿರಿಗೆ ಕಲಿಸಿದರು. ಅತಿಸಾರದಿಂದ ಮಗುವನ್ನು ಉಳಿಸಲು ಅಷ್ಟು ಸಾಕಿತ್ತು. ಪ್ರೆಸ್ಟನ್ ರೇಖೆ ಮೇಲಕ್ಕೆ ಸರಿಯುವುದೆಂದರೆ ಇದೇ.

ಹೊಸ ಓದುಗ

ನಾರ್ವೆಯವರು ಮಾಡಿದಂಥ ಲೆಕ್ಕವನ್ನು ಕರ್ನಾಟಕಕ್ಕೆ ಮಾಡಲು ಸಾಧ್ಯವೇ? ತಾಲ್ಲೂಕುವಾರು ಅಂಕಿ ಎಲ್ಲಾದರೂ ಸಿಗುತ್ತದೆಯೇ?

ಲೆಕ್ಕದ ಹಾದಿ

ಈಗಿರುವ ದಾಖಲೆಗಳಿಂದ ಸಾಧ್ಯವಿಲ್ಲ. ನಾರ್ವೆಯಲ್ಲಿ 1964ರಿಂದ ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಇದೆ. ತೆರಿಗೆ, ಜನನ, ಮರಣ, ಸಾವಿನ ಕಾರಣ ಎಲ್ಲವೂ ಅದಕ್ಕೆ ಜೋಡಣೆಯಾಗಿವೆ. ನಮ್ಮಲ್ಲಿ ಜೀವಿತಾವಧಿಯ ಲೆಕ್ಕ ಬರುವುದು ಮಾದರಿ ನೋಂದಣಿ ವ್ಯವಸ್ಥೆಯಿಂದ. ಅದು ರಾಜ್ಯ ಮಟ್ಟದ ಅಂಕಿ ಕೊಡುತ್ತದೆ, ಗ್ರಾಮೀಣ–ನಗರ, ಹೆಣ್ಣು–ಗಂಡು ಎಂದು ಬಿಡಿಸಿ ಹೇಳುತ್ತದೆ. ಮನೆಯ ಆದಾಯ ಅದರಲ್ಲಿಲ್ಲ. ಮೇಷ್ಟರು ಹೇಳಿದ 65.1 ಮತ್ತು 72.7 ಕೂಡ ಆದಾಯದ ಲೆಕ್ಕವಲ್ಲ. ಟಿವಿ, ಸೈಕಲ್, ಶೌಚಾಲಯ, ಗೋಡೆ, ಸೂರು ಇವುಗಳನ್ನು ನೋಡಿ ಕಟ್ಟಿದ ಸೂಚ್ಯಂಕದ ಆಧಾರದ್ದು.

ಸಾವಿನ ಕಾರಣದ ಸ್ಥಿತಿ ಇನ್ನೂ ಕಳಪೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದು ಪ್ರಮಾಣೀಕರಿಸಿದ್ದು ಶೇಕಡಾ 22.5 ಮಾತ್ರ. ಮನೆಯಲ್ಲಿ ಸತ್ತ ಬಡವರು ಬಹುಪಾಲು ಉಳಿದ ಭಾಗದಲ್ಲಿದ್ದಾರೆ. ತಾಲ್ಲೂಕು ಮಟ್ಟದಲ್ಲಿ ಏನಾದರೂ ಮಾಡಬೇಕೆಂದರೆ ಪಂಚಾಯಿತಿಯ ಮರಣ ನೋಂದಣಿಯನ್ನು ಪಡಿತರ ಚೀಟಿಯ ಮಾಹಿತಿಯೊಂದಿಗೆ ಹೆಸರು ಮರೆಮಾಡಿ ಜೋಡಿಸಬೇಕು. ಎರಡೂ ಈಗ ಗಣಕೀಕೃತವಾಗಿವೆ, ಆದ್ದರಿಂದ ತಾಂತ್ರಿಕವಾಗಿ ಆಗದ ಕೆಲಸವೇನಲ್ಲ. ಆದರೆ ಬಿಪಿಎಲ್, ಎಪಿಎಲ್ ಎಂಬ ಎರಡೇ ಭಾಗ ಸಿಗುತ್ತದೆ. ನಾರ್ವೆಯಂತೆ ನೂರು ಮೆಟ್ಟಿಲು ಸಿಗುವುದಿಲ್ಲ.

ಕೃಷ್ಣೆಯ ದಡ

ಎರಡು ಭಾಗ ಸಿಕ್ಕರೂ ಸಾಕು. ಆರೋಗ್ಯಶ್ರೀ ಅಧ್ಯಯನ ನಿಂತದ್ದೂ ಅದೇ ಎರಡು ಭಾಗದ ಮೇಲೆ. ನಮ್ಮ ಪಂಚಾಯಿತಿಯಲ್ಲಿ ಮರಣ ನೋಂದಣಿ ಎಷ್ಟು ತಡವಾಗಿ ಆಗುತ್ತದೆ, ವಯಸ್ಸನ್ನು ಎಷ್ಟು ಸರಿಯಾಗಿ ಬರೆಯುತ್ತಾರೆ ಎಂಬುದನ್ನು ಮೊದಲು ವಿಚಾರಿಸುತ್ತೇನೆ. ಅರವತ್ತು, ಎಪ್ಪತ್ತು ಎಂದು ಸುತ್ತುಸಂಖ್ಯೆಗೆ ತಂದು ಬರೆಯುವ ಅಭ್ಯಾಸವಿದ್ದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಬೇರೆ ಜಿಲ್ಲೆಯವರೂ ತಮ್ಮ ಕಡೆ ಹೇಗಿದೆ ಎಂದು ಇಲ್ಲೇ ಬರೆಯಿರಿ.